ಗುರುವಾರದ ಮೇಜು

ಡಬ್ಬಿಯ ಮುಚ್ಚಳ ತೆಗೆದಾಗ ಒಳಗೆ ಕಿವಿಯ ಮಿಷನ್ ಇರಲಿಲ್ಲ, ಗುಂಡಿಗಳಿದ್ದವು. ಬಿಳಿಯವು, ಕಂದು ಬಣ್ಣದವು, ಎರಡು ತೂತಿನವು, ನಾಲ್ಕು ತೂತಿನವು. ಟೈಲರ್ ಅಜ್ಜಿ ತಾನೇ ಬೆರಗಾದವಳಂತೆ ಡಬ್ಬಿಯನ್ನೊಮ್ಮೆ ಅಲುಗಿಸಿ ನೋಡಿದಳು. "ಅಯ್ಯೋ, ಡಬ್ಬಿ ಚೆನ್ನಾಗಿದೆ ಅಂತ ಗುಂಡಿ ಹಾಕ್ಕೊಂಡೆ ಕಣಮ್ಮ. ಮಿಷನ್ನು ಇಲ್ಲೇ ಎಲ್ಲೋ ಇರ್ಬೇಕು," ಎನ್ನುತ್ತ ಹೊಲಿಗೆ ಯಂತ್ರದ ಡ್ರಾಯರ್ ಎಳೆದಳು.

"ನಿಧಾನ ಅಜ್ಜಿ. ಅವಸರ ಇಲ್ಲ."

"ಆಂ?"

"ಅವಸರ ಇಲ್ಲಾ!"

"ಸರಾನಾ? ಯಾವ ಸರ? ನನ್ನ ಹತ್ರ ಯಾವ ಸರಾನೂ ಇಲ್ಲ ತಾಯಿ."

ಒಳಗಿನಿಂದ ಮಗಳ ದನಿ ಬಂತು. "ಅಮ್ಮನ್ನ ಕೇಳಿ ಏನು ಪ್ರಯೋಜನ, ನನ್ನನ್ನೇ ಕೇಳಿ. ಆ ಮಿಷನ್ ಅವಳಿಗೆ ಒಗ್ಗಲಿಲ್ಲ. ಆಸಕ್ತಿನೇ ಇಲ್ಲ ಅವಳಿಗೆ. ಹಾಗೇ ಬರ್ಕೊಳ್ಳಿ."

ಬರೆದುಕೊಳ್ಳುವುದೇ ಬಂದವಳ ಕೆಲಸ. ಆ ಬಡಾವಣೆಯವರು ಅವಳನ್ನು ಫಾರಂ ಅಕ್ಕ ಎಂದು ಕರೆಯುತ್ತಿದ್ದರು. ಹದಿನೆಂಟು ತಿಂಗಳ ಹಿಂದೆ ಆರೋಗ್ಯ ಕೇಂದ್ರದಲ್ಲಿ ನೂರ ಹನ್ನೆರಡು ವೃದ್ಧರಿಗೆ ಉಚಿತವಾಗಿ ಕಿವಿಯ ಮಿಷನ್ ಹಂಚಿದ್ದರು. ಅವುಗಳಲ್ಲಿ ಎಷ್ಟು ಈಗಲೂ ಕಿವಿಯ ಮೇಲಿವೆ, ಎಷ್ಟು ಇಲ್ಲ ಎಂದು ಮನೆ ಮನೆಗೆ ಹೋಗಿ ನೋಡಿ ಬರುವುದು ಅವಳ ಪಾಲಿಗೆ ಬಂದಿತ್ತು. ಇದು ನಲವತ್ತಮೂರನೆಯ ಮನೆ. ಇಲ್ಲಿಯವರೆಗೆ ಅವಳು ಮಿಷನ್ನುಗಳನ್ನು ಕಾಲುಚೀಲದೊಳಗೆ ನೋಡಿದ್ದಳು, ಸುಟ್ಟ ಬಲ್ಬಿನ ಡಬ್ಬದಲ್ಲಿ ನೋಡಿದ್ದಳು, ಒಂದು ಮನೆಯಲ್ಲಂತೂ ಮೊಮ್ಮಗುವಿನ ಗೊಂಬೆಯ ಕಿವಿಯಲ್ಲಿ ನೋಡಿದ್ದಳು. ಮನುಷ್ಯರ ಕಿವಿಯಲ್ಲಿ ನೋಡಿದ್ದು ಎಂಟೇ ಎಂಟು.

ಅಜ್ಜಿ ಡ್ರಾಯರಿನ ಮೂಲೆಯಿಂದ ಏನನ್ನೋ ತೆಗೆದು ಅಂಗೈಯಲ್ಲಿಟ್ಟಳು. ಹೆಬ್ಬೆರಳಿನಷ್ಟು ಉದ್ದದ ನೀಲಿ ಬಟ್ಟೆಯ ಚೀಲ. ಬಾಯಿಗೆ ದಾರ ಪೋಣಿಸಿ ಗಂಟು ಹಾಕಿತ್ತು. ಒಳಗಿತ್ತು ಮಿಷನ್.

"ಚೀಲ ಯಾರು ಹೊಲಿದಿದ್ದು ಅಜ್ಜಿ?"

ಈ ಪ್ರಶ್ನೆ ಅಜ್ಜಿಗೆ ತುಟಿಯ ಚಲನೆಯಿಂದಲೇ ತಿಳಿಯಿತು. "ನಾನೇ. ಧೂಳು ಕೂರ್ಬಾರ್ದು ಅಂತ. ಹತ್ತು ದಿನ ಚೆನ್ನಾಗಿ ಮಾತಾಡ್ತು ಕಣಮ್ಮ. ಆಮೇಲೆ ಸತ್ತೋಯ್ತು."

ಫಾರಮಿನಲ್ಲಿ "ಬಳಸದಿರಲು ಕಾರಣ" ಎಂಬುದರ ಕೆಳಗೆ ಹನ್ನೊಂದು ಸಾಲುಗಳಿದ್ದವು. ನಾಲ್ಕನೆಯದು, "ಆಸಕ್ತಿ ಇಲ್ಲ." ಅಲ್ಲಿ ಗುರುತು ಹಾಕಲು ಪೆನ್ನು ಊರಿದ ಫಾರಂ ಅಕ್ಕನ ಕೈ ನಿಂತಿತು. ಆಸಕ್ತಿ ಇಲ್ಲದವರು ಚೀಲ ಹೊಲಿಯುತ್ತಾರೆಯೇ? ಸತ್ತದ್ದಕ್ಕೂ ಅಂಗಿ ತೊಡಿಸಿದ ಹಾಗಿತ್ತು ಅದು. ಅವಳು ಗುರುತು ಹಾಕದೆ ಎದ್ದಳು.

ಈ ಅಧ್ಯಯನದ ಒಡತಿ ಪ್ರೊಫೆಸರ್ ಮೇಡಂ ತೆಳ್ಳಗಿನ, ಮಿತ ಮಾತಿನ ಹೆಂಗಸು. ಕೆಲಸಕ್ಕೆ ಸೇರಿದ ದಿನ ಅವರು ಹೇಳಿದ್ದು ಎರಡೇ ಮಾತು. "ಹೊಸ ಔಷಧ ಕಂಡುಹಿಡಿಯೋದು ನಮ್ಮ ಕೆಲಸ ಅಲ್ಲ. ಇರೋ ಔಷಧ ಯಾಕೆ ಬಾಯಿಗೆ ಹೋಗಲ್ಲ, ದಾರೀಲಿ ಎಲ್ಲಿ ಬಿದ್ದು ಹೋಗುತ್ತೆ ಅಂತ ಕಂಡುಹಿಡಿಯೋದು ನಮ್ಮ ಕೆಲಸ." ಇದು ಮೊದಲನೆಯದು. ಎರಡನೆಯದು, "ನೋಡಿ, ಕೇಳಿ, ಬರೀರಿ. ಏನನ್ನೂ ಸರಿಮಾಡೋಕೆ ಹೋಗ್ಬೇಡಿ. ನೀವು ಕೈ ಹಾಕಿದ್ರೆ ಅಲ್ಲಿ ಇದ್ದದ್ದೇನು ಅನ್ನೋದೇ ನಮಗೆ ಗೊತ್ತಾಗಲ್ಲ."

ಎಂಟು ವರ್ಷಗಳಲ್ಲಿ ಇಂಥ ಆರು ಅಧ್ಯಯನಗಳಿಗೆ ಅವಳು ಮನೆ ಮನೆ ಅಲೆದಿದ್ದಳು. ಆರೂ ವರದಿಗಳು ಅಚ್ಚಾಗಿ ಕಪಾಟು ಸೇರಿದ್ದವು. ಈ ಸಲ ಆರೋಗ್ಯ ಸಮಿತಿಯ ಸಭೆ ಹತ್ತಿರದಲ್ಲೇ ಇತ್ತು. ಮಿಷನ್ ಹಾಕಿಕೊಳ್ಳುವವರೇ ಇಲ್ಲವೆಂದಾದರೆ ಮುಂದಿನ ವರ್ಷ ಹಂಚುವುದನ್ನು ನಿಲ್ಲಿಸುವುದು ಎಂದು ಸಮಿತಿಯಲ್ಲಿ ಆಗಲೇ ಮಾತಾಗಿತ್ತಂತೆ. "ಕಿವುಡರ ಮುಂದೆ ಕಿನ್ನರಿ ಬಾರಿಸಿದ್ದಾಯ್ತು," ಎಂದು ಯಾರೋ ಸದಸ್ಯರು ತಮಾಷೆಯನ್ನೂ ಮಾಡಿದ್ದರಂತೆ.

ನಲವತ್ತೇಳನೆಯ ಮನೆ ಎರಡನೇ ಮಹಡಿಯಲ್ಲಿತ್ತು. ಬಾಗಿಲು ತೆರೆದ ಹೆಂಗಸು ಫಾರಮನ್ನು ಕಂಡೊಡನೆ ಒಳಗೆ ತಿರುಗಿ, ಏರದ ದನಿಯಲ್ಲಿ, "ರೀ, ನಿಮ್ಮ ಕಿವಿ ನೋಡೋಕೆ ಬಂದಿದಾರೆ," ಎಂದಳು.

"ಬಂದೆ," ಎಂದು ಒಳಕೋಣೆಯಿಂದ ಉತ್ತರ ಬಂತು.

ಫಾರಂ ಅಕ್ಕ ಹೊಸಿಲಲ್ಲೇ ನಿಂತುಬಿಟ್ಟಳು. ಇಷ್ಟು ಮನೆಗಳಲ್ಲಿ ಕಿರುಚಾಟ ಕೇಳಿ ಕೇಳಿ, ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದ ಈ ಸಣ್ಣ ಮಾತು ಅವಳಿಗೆ ಪವಾಡದಂತೆ ಕಂಡಿತು.

ಅವರು ವಾಚ್ ರಿಪೇರಿಯವರು. ವಯಸ್ಸು ಎಪ್ಪತ್ತೊಂದು. ಮೂವತ್ತೆಂಟು ವರ್ಷ ಪೇಟೆಬೀದಿಯಲ್ಲಿ ಅಂಗಡಿ ಇಟ್ಟುಕೊಂಡಿದ್ದವರು ಕಿವಿ ಮಂದವಾದ ಮೇಲೆ ಮುಚ್ಚಿದ್ದರು. "ಬೆಲ್ಟ್ ಹಾಕಿ ಅಂದ್ರೆ ಸೆಲ್ಲು ಹಾಕಿ ಕೊಡ್ತಿದ್ದೆ. ಗಿರಾಕಿಗಳು ಮೊದಮೊದಲು ನಗ್ತಿದ್ರು. ಆಮೇಲೆ ನಗ್ತಾನೂ ಇರ್ಲಿಲ್ಲ, ಬರ್ತಾನೂ ಇರ್ಲಿಲ್ಲ," ಎಂದರು. ಮಿಷನ್ ಬೆಳಿಗ್ಗೆ ಏಳುತ್ತಲೇ ಹಾಕಿಕೊಂಡರೆ ಮಲಗುವಾಗಲೇ ತೆಗೆಯುವುದು.

"ನಿಮ್ಮದು ಕೆಡಲೇ ಇಲ್ವಾ ಯಜಮಾನ್ರೇ?"

"ಕೆಡದೇ ಏನು? ಹನ್ನೆರಡನೇ ದಿನಕ್ಕೇ ಮೂಕ ಆಯ್ತು. ಇವಳು ಎಸೀರಿ ಅಂದಳು."

"ಎಸೀರಿ ಅನ್ನಲಿಲ್ಲ," ಎಂದಳು ಹೆಂಡತಿ. "ಎರಡು ವರ್ಷ ಇವರ ಬೆನ್ನ ಹಿಂದೆ ಬಾಯಿಗೆ ಬಂದದ್ದು ಅಂದ್ಕೊಂಡು ಹಾಯಾಗಿದ್ದೆ. ಮಿಷನ್ ಬಂದ ಮೇಲೆ ನಾಲಿಗೆ ಬಿಗಿಹಿಡೀಬೇಕಾಯ್ತು. ಹೋದ್ರೆ ಹೋಗ್ಲಿ ಬಿಡಿ ಅಂದೆ, ಅಷ್ಟೇ."

ಯಜಮಾನರು ನಗುತ್ತ ಕಿಟಕಿಯ ಬಳಿಯ ಮೇಜಿಗೆ ಕರೆದೊಯ್ದರು. ಮಿಷನ್ ಬಿಚ್ಚಿ ಬಿಳಿ ಕಾಗದದ ಮೇಲಿಟ್ಟು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡರು. "ನೋಡಿ, ಸದ್ದು ಹೊರಗೆ ಬರೋ ತೂತು ಇದು. ಸೂಜಿಮೊನೆಯಷ್ಟಿದೆ. ಇಲ್ಲಿ ಗುಗ್ಗೆ ಕಟ್ಕೊಂಡ್ರೆ ಮುಗೀತು, ಮಿಷನ್ ಒಳಗೆ ಕೂಗ್ತಾನೇ ಇರುತ್ತೆ, ಹೊರಗೆ ಬರಲ್ಲ. ವಾರಕ್ಕೊಂದ್ಸಲ ಬ್ರಷ್ ಆಡಿಸ್ಬೇಕು. ಇನ್ನು ಈ ಸೆಲ್ಲು." ಚಿಮಟದಿಂದ ಬೇಳೆಯಷ್ಟಗಲದ ಸೆಲ್ಲನ್ನು ಎತ್ತಿ ಹಿಡಿದರು. "ಇದರ ಬೆನ್ನಿಗೆ ಒಂದು ಸ್ಟಿಕ್ಕರ್ ಇರುತ್ತೆ. ಅದನ್ನ ಕಿತ್ತರೆ ಗಾಳಿ ಒಳಗೆ ಹೋಗುತ್ತೆ, ಸೆಲ್ಲಿಗೆ ಜೀವ ಬರುತ್ತೆ. ಉಸಿರಾಡೋ ಸೆಲ್ಲು ಇದು. ಒಂದ್ಸಲ ಉಸಿರಾಡೋಕೆ ಶುರು ಮಾಡಿದ್ರೆ, ನೀವು ಬಳಸಿ ಬಿಡಿ, ಅದರ ಆಯಸ್ಸು ಸವೆಯುತ್ತಾ ಹೋಗುತ್ತೆ. ಮಿಷನ್ ಕೊಟ್ಟ ದಿನ ಹಂಚೋಕೆ ಬಂದಿದ್ದ ಪುಣ್ಯಾತ್ಮ ಏನ್ಮಾಡಿದ ಗೊತ್ತಾ? ಮುದುಕರಿಗೆ ಉಗುರಲ್ಲಿ ಕೀಳೋಕಾಗಲ್ಲ ಅಂತ ಆರಕ್ಕೆ ಆರೂ ಸೆಲ್ಲಿನ ಸ್ಟಿಕ್ಕರ್ ತಾನೇ ಕಿತ್ತು ಕೊಟ್ಟ. ಒಳ್ಳೇ ಮನಸ್ಸಿಂದಲೇ ಮಾಡಿದ. ಒಂದು ಕಿವೀಲಿ ಇತ್ತು, ಇನ್ನೈದು ಡಬ್ಬೀಲಿ ಕೂತ್ಕೊಂಡೇ ಸತ್ತವು. ಈಗ ಪೇಟೇಲಿ ದುಡ್ಡು ಕೊಟ್ಟು ತಂದ್ಕೋತೀನಿ."

"ಎಲ್ಲರಿಗೂ ಹಾಗೇ ಕೊಟ್ರಾ?"

"ನನ್ನ ಮುಂದೆ ಇದ್ದೋರಿಗೆ, ಹಿಂದೆ ಇದ್ದೋರಿಗೆ, ಎಲ್ಲರಿಗೂ."

ಫಾರಂ ಅಕ್ಕ ಹನ್ನೊಂದು ಕಾರಣಗಳನ್ನು ಮೇಲಿಂದ ಕೆಳಗೆ ಓದಿದಳು. ಸ್ಟಿಕ್ಕರಿನ ಸುದ್ದಿಯೇ ಅಲ್ಲಿರಲಿಲ್ಲ.

ಆ ಮನೆಯಿಂದ ಹೊರಟು ಮೆಟ್ಟಿಲಿಳಿದವಳು ಕೆಳಗಿನ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತಳು. ನೋಡಿ, ಕೇಳಿ, ಬರೀರಿ. ಅವಳು ನೋಡಿದ್ದಳು, ಕೇಳಿದ್ದಳು. ಆದರೆ ನೀಲಿ ಚೀಲ ಕಣ್ಣ ಮುಂದಿನಿಂದ ಸರಿಯಲೊಲ್ಲದು. ಎದ್ದು ಮತ್ತೆ ಎರಡು ಮಹಡಿ ಹತ್ತಿದಳು.

"ಯಜಮಾನ್ರೇ, ನಿಮಗೆ ಬಿಡುವಿದ್ಯಾ?"

"ಬಿಡುವಾ?" ಎಂದರು ಅವರು. "ಮೂರು ವರ್ಷದಿಂದ ಬಿಡುವು ಬಿಟ್ಟರೆ ಇನ್ನೇನೂ ಇಲ್ಲ ತಾಯಿ."

ಟೈಲರ್ ಅಜ್ಜಿಯ ಮನೆಯಲ್ಲಿ ಅವರು ಹೊಲಿಗೆ ಯಂತ್ರದ ಹಲಗೆಯ ಮೇಲೆಯೇ ಕಾಗದ ಹಾಸಿದರು. ಅಂಗಡಿಯ ಕಾಲದ ಬೂದು ಕೋಟು ತೊಟ್ಟು ಬಂದಿದ್ದರು. ಅದರ ತೋಳು ಮಡಿಸಿಕೊಂಡರು. ಬ್ರಷ್ಷಿನಿಂದ ತೂತು ಸ್ವಚ್ಛ ಮಾಡಿದರು, ನಳಿಗೆಯೊಳಗಿನ ತೇವವನ್ನು ಊದಿ ತೆಗೆದರು. ತಮ್ಮದೇ ಸೆಲ್ಲೊಂದರ ಸ್ಟಿಕ್ಕರ್ ಕಿತ್ತು, "ಒಂದು ನಿಮಿಷ ಗಾಳಿ ಕುಡೀಲಿ," ಎಂದು ಹಾಗೆಯೇ ಇಟ್ಟರು. ಅಜ್ಜಿ ಉಸಿರು ಬಿಗಿಹಿಡಿದು ಸೆಲ್ಲನ್ನೇ ನೋಡುತ್ತಿದ್ದಳು. ಆಮೇಲೆ ಮಿಷನ್ ಅವಳ ಕಿವಿಗೇರಿತು.

ಮಗಳು ಕೈ ಒರೆಸಿಕೊಳ್ಳುತ್ತ ಬಂದು, ಎಂದಿನಂತೆ ಗಂಟಲು ಹರಿಯುವ ಹಾಗೆ, "ಅಮ್ಮಾ! ಕೇಳಿಸ್ತಿದ್ಯಾ?" ಎಂದಳು.

ಅಜ್ಜಿ ಬೆಚ್ಚಿ ಹಿಂದಕ್ಕೆ ಸರಿದಳು. "ಯಾಕೆ ಹಂಗೆ ಕಿರುಚ್ತೀಯೆ?"

ಮಗಳು ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು. ಸ್ಟೂಲಿನ ಮೇಲೆ ಕುಳಿತು ತಾಯಿಯ ಮುಖ ನೋಡಿದಳು. ವರ್ಷಗಳಿಂದ ಊಟ, ಮಾತ್ರೆ, ಸ್ನಾನ ಎಂಬ ಮೂರೇ ಮಾತುಗಳನ್ನು ಕಿರುಚಿ ರೂಢಿಯಾಗಿತ್ತು. ಮೆಲ್ಲಗೆ ಹೇಳುವುದಕ್ಕೆ ಅವಳಿಗೆ ಏನೂ ತೋಚಲಿಲ್ಲ. ಕೊನೆಗೆ, "ಇವತ್ತು ಸೆಖೆ ಅಲ್ವಾಮ್ಮ?" ಎಂದಳು.

"ಹೂಂ," ಎಂದಳು ಅಜ್ಜಿ. "ತುಂಬಾ."

ಯಜಮಾನರು ಸಾಮಾನು ಕಟ್ಟಿಕೊಳ್ಳುವ ನೆಪದಲ್ಲಿ ಗೋಡೆಗೆ ಮುಖಮಾಡಿ ನಿಂತಿದ್ದರು.

ಮರುದಿನ ಫಾರಂ ಅಕ್ಕ ಮೇಡಂ ಮುಂದೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡಳು. ಮುಚ್ಚಿಡಬಹುದಿತ್ತು, ಆದರೆ ನಲವತ್ತಮೂರನೆಯ ಫಾರಮಿನಲ್ಲಿ ಏನು ಬರೆದರೂ ಸುಳ್ಳಾಗುತ್ತಿತ್ತು. ಕೆಲಸ ಹೋಗುತ್ತದೆಂದು ಮನೆಯಿಂದ ಹೊರಡುವಾಗಲೇ ಮನಸ್ಸು ಗಟ್ಟಿಮಾಡಿಕೊಂಡಿದ್ದಳು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಷ್ಟು ಹೊತ್ತು ಹಿಡೀತು?"

"ಹನ್ನೊಂದು ನಿಮಿಷ ಮೇಡಂ."

"ಗಡಿಯಾರ ನೋಡಿಕೊಂಡ್ರಾ?"

"ಅವರು ವಾಚ್ ರಿಪೇರಿಯವರು. ಅವರೇ ನೋಡಿಕೊಂಡ್ರು."

ಮೇಡಂ ತುಟಿಯಂಚಿನಲ್ಲಿ ನಗು ಬಂದು ಹೋಯಿತು. "ನೀವು ಮಾಡಿದ್ದು ತಪ್ಪು. ನಲವತ್ತಮೂರನ್ನ ಲೆಕ್ಕದಿಂದ ತೆಗೀತೀನಿ, ಯಾಕೆ ತೆಗೆದೆ ಅಂತಲೂ ವರದೀಲಿ ಬರೀತೀನಿ. ಇನ್ನೊಬ್ಬರ ಮಿಷನ್ನನ್ನ ಮುಟ್ಟಿದ್ರೆ ನಿಜವಾಗಲೂ ಮನೆಗೆ ಕಳಿಸ್ತೀನಿ." ಕನ್ನಡಕ ಮತ್ತೆ ಹಾಕಿಕೊಂಡು ಅಂದರು, "ಫಾರಮ್ಮೂ ತಪ್ಪು. ಅದನ್ನ ಬರೆದವಳು ನಾನು. ಕೂತ್ಕೊಳ್ಳಿ. ಆ ಸ್ಟಿಕ್ಕರಿನ ವಿಷಯ ಮೊದಲಿಂದ ಹೇಳಿ."

ಅಂದು ಇಬ್ಬರೂ ಕುಳಿತು ಹನ್ನೊಂದು ಕಾರಣಗಳ ಪಟ್ಟಿಯನ್ನು ಹರಿದು ಹಾಕಿದರು. ಬದಲಿಗೆ ಸಣ್ಣ ಪ್ರಶ್ನೆಗಳು ಬಂದವು. ಎಷ್ಟು ದಿನ ಕೇಳಿಸಿತು? ಯಾವತ್ತು ನಿಂತಿತು? ಸೆಲ್ಲಿನ ಬಾಗಿಲು ತೆರೆಯಲು ಬೆರಳಿಗೆ ಆಗುತ್ತದೆಯೇ? ಕೆಟ್ಟಾಗ ಯಾರ ಬಳಿ ಹೋದಿರಿ? ಮುಗಿಸಿದ್ದ ಮನೆಗಳಿಗೂ ಫಾರಂ ಅಕ್ಕ ಮತ್ತೆ ಹೋದಳು. ಕಣ್ಣೆದುರಿಗೇ ಗುಗ್ಗೆ ಕಟ್ಟಿದ ತೂತು ಕಂಡರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂರುವುದು ಅವಳ ಬದುಕಿನ ಅತಿ ಕಷ್ಟದ ಕೆಲಸಗಳಲ್ಲೊಂದಾಯಿತು. ಕೊನೆಗೆ ಲೆಕ್ಕ ಸಿಕ್ಕಿತು. ಮಿಷನ್ ಬಳಸದವರು ತೊಂಬತ್ತಮೂರು ಜನ. ಅವರಲ್ಲಿ ಅರವತ್ತನಾಲ್ಕು ಜನರದು ಸೆಲ್ಲು, ಗುಗ್ಗೆ, ಇಲ್ಲವೇ ನಡುಗುವ ಬೆರಳು. "ಯಾರ ಬಳಿ ಹೋದಿರಿ" ಎಂಬ ಪ್ರಶ್ನೆಗೆ ಹೆಚ್ಚುಕಡಿಮೆ ಎಲ್ಲರದೂ ಒಂದೇ ಉತ್ತರ: "ಯಾರ ಹತ್ರ ಹೋಗ್ಬೇಕು?" ಹೊಸ ಸೆಲ್ಲುಗಳು ಆರೋಗ್ಯ ಕೇಂದ್ರದ ಕಪಾಟಿನಲ್ಲೇ ತುಂಬಿ ಕುಳಿತಿದ್ದವು. ಅದು ಯಾರಿಗೂ ಗೊತ್ತಿರಲಿಲ್ಲ.

ಸಮಿತಿಯ ಸಭೆಯಲ್ಲಿ ಮೇಡಂ ಕೇಳಿದ್ದು ವಾರಕ್ಕೊಂದು ದಿನ ಮಿಷನ್ ಸರಿಮಾಡಲು ಒಂದು ಮೇಜು, ಎರಡು ಕುರ್ಚಿ, ಆರು ತಿಂಗಳು. ಕೇಂದ್ರದ ದೊಡ್ಡ ಡಾಕ್ಟರು ಒಪ್ಪಲಿಲ್ಲ. ಡಿಗ್ರಿಯಿಲ್ಲದ ವಾಚ್ ರಿಪೇರಿಯವರನ್ನು ಕೂರಿಸಿ ನಾಳೆ ಹೆಚ್ಚುಕಡಿಮೆಯಾದರೆ ಯಾರು ಹೊಣೆ ಎಂದರು. ಕಿವಿ ಪರೀಕ್ಷೆಯ ತಜ್ಞೆ ಎರಡು ದಿನ ಯಜಮಾನರ ಪಕ್ಕದಲ್ಲಿ ಕುಳಿತು ನೋಡಲಿ ಎಂದು ತೀರ್ಮಾನವಾಯಿತು. ಮೊದಲ ದಿನ ಆಕೆ ಅವರಿಗೆ ಕಲಿಸಿದಳು. ಮಿಷನ್ನಿಗೆ ಕೈಹಾಕಿ, ಕಿವಿಯೊಳಗೆ ಹಾಕಬೇಡಿ. ನೋವು, ಸೋರಿಕೆ ಅಂದರೆ ತಕ್ಷಣ ನನ್ನ ಬಳಿ ಕಳಿಸಿ. ಎರಡನೆಯ ದಿನ ಚಿಮಟ ಹಿಡಿಯುವುದನ್ನು ಆಕೆಯೇ ಅವರಿಂದ ಕಲಿತು ಸಹಿ ಹಾಕಿ ಹೋದಳು.

ಹೀಗೆ ಗುರುವಾರದ ಮೇಜು ಶುರುವಾಯಿತು. ಮೊದಲ ಗುರುವಾರ ನರಪಿಳ್ಳೆಯೂ ಬರಲಿಲ್ಲ. ಯಜಮಾನರು ಬೂದು ಕೋಟಿನಲ್ಲಿ, ಚಿಮಟ, ಬ್ರಷ್ಷುಗಳನ್ನು ಸಾಲಾಗಿ ಜೋಡಿಸಿಕೊಂಡು ಹತ್ತರಿಂದ ಒಂದರವರೆಗೆ ಕುಳಿತೇ ಇದ್ದರು. ಎದುರಿನ ಕುರ್ಚಿಯಲ್ಲಿ ಬಂದು ಕುಳಿತವರು ನಿವೃತ್ತ ಹೆಡ್‌ಮಾಸ್ತರು, ಅದೂ ರಕ್ತದೊತ್ತಡದ ಮಾತ್ರೆಯ ಸಾಲಿನಲ್ಲಿ ನಿಂತು ಕಾಲು ಸೋತು. ಅವರಿಗೂ ಮಿಷನ್ ಕೊಟ್ಟಿದ್ದರು. ಫಾರಂ ಅಕ್ಕನಿಗೆ ಅವರ ಉತ್ತರ ನೆನಪಿತ್ತು. ಸ್ಲೇಟಿನ ಮೇಲೆ ಬರೆದು ಕೇಳಿದಾಗ ಅವರು ಗಟ್ಟಿಯಾಗಿ, ಕರಾರುವಾಕ್ಕಾಗಿ ಹೇಳಿದ್ದರು: "ಮಿಷನ್ ಸರಿಯಾಗಿಯೇ ಇದೆಯಮ್ಮ. ಮನೆಯಾಕೆ ಹೋದಳು. ಇನ್ನು ಯಾರ ಮಾತು ಕೇಳಬೇಕು?" ತೊಂಬತ್ತಮೂರರಲ್ಲಿ ಯಾವ ಪ್ರಶ್ನೆಗೂ ಬಗ್ಗದ ಉತ್ತರ ಅದು. ಯಜಮಾನರು ಅವರನ್ನು ಏನೂ ಕೇಳಲಿಲ್ಲ. ಫ್ಲಾಸ್ಕಿನಿಂದ ಅರ್ಧ ಕಪ್ ಟೀ ಬಗ್ಗಿಸಿ ಮುಂದಿಟ್ಟರು.

ಎರಡನೆಯ ಗುರುವಾರ ಟೈಲರ್ ಅಜ್ಜಿ ತನ್ನ ಬೀದಿಯ ನಾಲ್ವರು ಹೆಂಗಸರನ್ನು ಎಳೆದುಕೊಂಡು ಬಂದಳು. ನಾಲ್ವರಿಗೂ ಬಣ್ಣಬಣ್ಣದ ಪುಟ್ಟ ಚೀಲ ಹೊಲಿದು ಕೊಟ್ಟಿದ್ದಳು. ಮೂರನೆಯ ವಾರ ಹತ್ತು ಜನ. ಆಮೇಲೆ ಬೆಂಚು ಹಾಕಬೇಕಾಯಿತು. ಸರಿಹೋದವರೂ ಎದ್ದು ಹೋಗದೆ ಕೂರುತ್ತಿದ್ದರು. ಯಾರದೋ ಸೊಸೆ ಈಗ ಫೋನನ್ನು ಮಹಡಿಗೆ ಒಯ್ದು ಮಾತಾಡುತ್ತಾಳಂತೆ, ಯಾರದೋ ಗಂಡ ಗೊರಕೆ ಹೊಡೆಯುವುದು ಈಗ ಗೊತ್ತಾಯಿತಂತೆ. ಎಲ್ಲ ಮಿಷನ್ನೂ ಸರಿಹೋಗಲಿಲ್ಲ. ಆರು ನಿಜವಾಗಿಯೇ ಕೆಟ್ಟಿದ್ದವು. ಇಬ್ಬರು ಸದ್ದು ತಲೆಗೆ ಹೊಡೆಯುತ್ತದೆಂದು ತಿರುಗಿ ತಂದಿಟ್ಟರು. ಮೇಡಂ ಅದನ್ನೂ ಬರೆಸಿಕೊಂಡರು. ಹೆಡ್‌ಮಾಸ್ತರು ಮಾತ್ರ ಪ್ರತಿ ಗುರುವಾರ ಬಂದು ಯಜಮಾನರ ಪಕ್ಕ ಕುಳಿತು, ಟೀ ಕುಡಿದು, ಯಾರ ಮಾತೂ ಕೇಳಿಸದೆ ಎದ್ದು ಹೋಗುತ್ತಿದ್ದರು.

ಆರು ತಿಂಗಳು ಮುಗಿದಾಗ ಎಪ್ಪತ್ತೊಂದು ಮಿಷನ್ನುಗಳು ಕಿವಿಯ ಮೇಲಿದ್ದವು. ಸಮಿತಿ ಹಂಚಿಕೆಯನ್ನು ಮುಂದುವರಿಸಿತು. ಮೇಜು ಖಾಯಮಾಗಿರಲಿ, ಪಕ್ಕದ ಎರಡು ಕೇಂದ್ರಗಳಲ್ಲೂ ಇಂಥದೇ ಮೇಜು ಹಾಕಿ ಎಂದೂ ಬರೆಯಿತು. ಆ ಪತ್ರದ ಪ್ರತಿ ಹಿಡಿದು ಮೇಡಂ ತಾವೇ ಕೇಂದ್ರಕ್ಕೆ ಬಂದರು. ಅಧ್ಯಯನದ ಪ್ರಬಂಧದಲ್ಲಿ ಯಜಮಾನರ ಹೆಸರು ಹಾಕಲು ಅವರ ಒಪ್ಪಿಗೆ ಬೇಕಿತ್ತು.

"ನನ್ನ ಹೆಸರು ಯಾಕಮ್ಮ, ಓದೋರಿಗೆ ತಲೆನೋವು," ಎಂದರು ಯಜಮಾನರು. "ಕೊಡೋದಿದ್ರೆ ಈ ಮೇಜನ್ನ ಕಿಟಕಿ ಹತ್ರ ಹಾಕಿಸಿಕೊಡಿ. ಬೆಳಕು ಸಾಲ್ದು."

"ಎರಡೂ ಆಗುತ್ತೆ," ಎಂದರು ಮೇಡಂ. ಆಮೇಲೆ ಫಾರಂ ಅಕ್ಕನ ಕಡೆ ತಿರುಗಿ, ಎಂದಿನ ಗಂಟುಮುಖದಲ್ಲೇ, "ನಿಮ್ಮ ಹೆಸರು ನನ್ನ ಪಕ್ಕದಲ್ಲಿದೆ. ಎರಡನೇದು. ಕಾಗುಣಿತ ಸರಿಯಿದ್ಯಾ ನೋಡ್ಕೊಳ್ಳಿ," ಎಂದು ಕಾಗದ ಕೊಟ್ಟರು. ಎಂಟು ವರ್ಷದಲ್ಲಿ ಫಾರಂ ಅಕ್ಕನ ಹೆಸರು ವರದಿಯೊಂದರಲ್ಲಿ ಬಂದದ್ದು ಅದೇ ಮೊದಲು. ಅವಳು ಅಕ್ಷರಗಳನ್ನು ಓದಿದಳು, ತಪ್ಪಿರಲಿಲ್ಲ. ಆದರೂ ತಲೆಯೆತ್ತದೆ ಇನ್ನೆರಡು ಸಲ ಓದಿದಳು.

ಮೇಡಂ ಹೋದ ಮೇಲೆ ಇಬ್ಬರೂ ಮೇಜನ್ನು ಎರಡು ಕಡೆ ಹಿಡಿದು ಕಿಟಕಿಯತ್ತ ಸರಿಸಿದರು. ಯಜಮಾನರು ಅದರ ಅಂಚಿಗೆ ಕೈಯೂರಿ ದಣಿವಾರಿಸಿಕೊಳ್ಳುತ್ತ ಹೇಳಿದರು: "ಅವತ್ತು ನೀವು ಫಾರಂ ತುಂಬಿಸಿಕೊಂಡು ಹೊರಟುಹೋಗಿದ್ರಿ. ಮೆಟ್ಟಿಲಿಳಿದ ಸದ್ದೂ ಕೇಳಿಸ್ತು ನನಗೆ. ಆಯ್ತು, ಇನ್ಯಾರು ಬರ್ತಾರೆ ಅಂದ್ಕೊಂಡು ಸಾಮಾನೆಲ್ಲ ಎತ್ತಿಡ್ತಾ ಇದ್ದೆ. ಅಷ್ಟರಲ್ಲಿ ಮತ್ತೆ ಹತ್ತಿ ಬಂದ್ರಲ್ಲ." ಕೋಟಿನ ಜೇಬಿನಿಂದ ಕರವಸ್ತ್ರ ತೆಗೆದು ಮಸೂರ ಒರೆಸತೊಡಗಿದರು. "ಚೆನ್ನಾಗಿರಿ ತಾಯಿ. ನೀವು ಚೆನ್ನಾಗಿರಬೇಕು."

"ನೀವು ಬರಲ್ಲ ಅಂದಿದ್ರೆ ನಾನು ಈಗಲೂ ಆಸಕ್ತಿ ಇಲ್ಲ ಅಂತ ಗುರುತು ಹಾಕ್ತಾ ಇರ್ತಿದ್ದೆ ಯಜಮಾನ್ರೇ," ಎಂದಳು ಅವಳು.

ಆ ಗುರುವಾರವೂ ಬೆಂಚು ತುಂಬಿತು. ಟೈಲರ್ ಅಜ್ಜಿ ಏನೋ ಹೇಳಿದಳು. ಬೆಂಚಿಗೆ ಬೆಂಚೇ ಬಿದ್ದು ಬಿದ್ದು ನಕ್ಕಿತು. ಒಬ್ಬಾಕೆಗೆ ಕಣ್ಣಲ್ಲಿ ನೀರೇ ಬಂತು. ಹೆಡ್‌ಮಾಸ್ತರು ಎಲ್ಲರ ಮುಖಗಳನ್ನೂ ಒಂದೊಂದಾಗಿ ನೋಡಿದರು. ಆಮೇಲೆ ಜುಬ್ಬದ ಜೇಬಿಗೆ ಕೈಹಾಕಿ, ಕೊಟ್ಟ ದಿನದಿಂದ ತೆರೆಯದ ಮಿಷನ್ ಡಬ್ಬಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಅದು ಎಷ್ಟು ವಾರದಿಂದ ಆ ಜೇಬಿನಲ್ಲಿತ್ತೋ ಯಾರಿಗೂ ತಿಳಿಯದು.

"ಎಲ್ಲರೂ ಯಾಕೆ ನಕ್ಕಿದ್ದು?" ಎಂದರು.

ಯಜಮಾನರು ಡಬ್ಬಿ ಬಿಡಿಸಿದರು, ಹೊಸ ಸೆಲ್ಲಿನ ಸ್ಟಿಕ್ಕರ್ ಕಿತ್ತು ಒಂದು ನಿಮಿಷ ಕಾದರು, ಮಿಷನ್ನನ್ನು ಅವರ ಕಿವಿಯ ಹಿಂದೆ ಮೆತ್ತಗೆ ಕೂರಿಸಿದರು. "ಅಜ್ಜಿ, ಇನ್ನೊಂದ್ಸಲ ಹೇಳಿ," ಎಂದರು.

ಅಜ್ಜಿ ಮತ್ತೆ ಹೇಳಿದಳು. ಎರಡನೆಯ ಸಲಕ್ಕೆ ಅದು ಅಂಥ ನಗೆಯ ಮಾತೇನೂ ಆಗಿರಲಿಲ್ಲ. ಹೆಡ್‌ಮಾಸ್ತರು ಕತ್ತು ಓರೆಮಾಡಿ ಪೂರ್ತಿ ಕೇಳಿಸಿಕೊಂಡು, "ಓ," ಎಂದರು. ಎಲ್ಲರಿಗೂ ಕೈಮುಗಿದು ಎದ್ದರು.

ಫಾರಂ ಅಕ್ಕ ಕಿಟಕಿಯಿಂದ ನೋಡಿದಳು. ಹೆಡ್‌ಮಾಸ್ತರು ಗೇಟು ದಾಟಿ ರಸ್ತೆಗಿಳಿದರು. ಹತ್ತು ಹೆಜ್ಜೆ ನಡೆದವರು ಗಕ್ಕನೆ ನಿಂತು ಹಿಂತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ. ಇನ್ನೆರಡು ಹೆಜ್ಜೆ ಇಟ್ಟು ಮತ್ತೆ ನಿಂತರು. ಈ ಸಲ ತಿರುಗಲಿಲ್ಲ, ಬಗ್ಗಿ ತಮ್ಮ ಚಪ್ಪಲಿಗಳನ್ನು ನೋಡಿಕೊಂಡರು. ಆಮೇಲೆ ಕಿವಿಗೊಟ್ಟು ಬಲಗಾಲನ್ನು ತುಸು ಎಳೆದಿಟ್ಟರು, ಎಡಗಾಲನ್ನು ತುಸು ಎಳೆದಿಟ್ಟರು, ಹಾಗೆ ಎಳೆದೆಳೆದು ಇಡುತ್ತಲೇ ರಸ್ತೆಯ ತಿರುವಿನವರೆಗೂ ನಡೆದು ಹೋದರು.